ನೀರಿನ ಗಂಡಾಂತರ ಮತ್ತು ಒಂದು ಲಾರಿ ಟ್ಯೂಬು

ಮನುಷ್ಯನಿಗೆ ಒಂದಲ್ಲ ಒಂದು ಹೆದರಿಕೆ ಇದ್ದೇ ಇರುತ್ತದೆ. ಅದಕ್ಕೊಂದು ಮರ್ಯಾದಸ್ಥ ಹೆಸರಿಟ್ಟುಕೊಂಡು ಓಡಾಡುವ ಜಾಣತನವೂ ಇರುತ್ತದೆ. ನಮ್ಮ ಆಫೀಸಿನ ಹಿರಿಯರೊಬ್ಬರಿಗೆ ವಿಮಾನವೆಂದರೆ ಜೀವ ಹೋಗುತ್ತದೆ. ಹಾಗೆಂದು ಅವರು ಎಂದೂ ಒಪ್ಪಿಕೊಂಡಿಲ್ಲ. ರೈಲಿನಲ್ಲಿ ಹೋದರೆ ದಾರಿಯಲ್ಲಿ ಜಿರಾಫೆ ಕಾಣುತ್ತದೆ ಎಂದು ಹೇಳಿಕೊಂಡು ಪ್ರತಿ ಸಲವೂ ಮೊಂಬಾಸಾಕ್ಕೆ ರೈಲಿನಲ್ಲೇ ಹೋಗುತ್ತಾರೆ. ನನ್ನ ಹೆದರಿಕೆ ನೀರು. ಅದಕ್ಕೆ ನಾನಿಟ್ಟ ಹೆಸರು ಸೈನಸ್. ನೈರೋಬಿಯ ಕಿಲಿಮಾನಿ ಬಡಾವಣೆಯಲ್ಲಿ ನಾವಿರುವ ಅಪಾರ್ಟ್‌ಮೆಂಟಿಗೆ ಒಂದು ಒಳ್ಳೆಯ ಈಜುಕೊಳವಿದೆ. ಆರು ವರ್ಷಗಳಿಂದ ಪ್ರತಿ ಭಾನುವಾರವೂ ನಾನು ಅದರ ಅಂಚಿನಲ್ಲಿ ಪ್ಯಾಂಟು ಮಡಚಿಕೊಂಡು, ಕಾಲು ಇಳಿಬಿಟ್ಟು, ಕೈಯಲ್ಲಿ ಪತ್ರಿಕೆ ಹಿಡಿದು ಕೂತಿರುತ್ತೇನೆ. ನೆರೆಯವರು ಯಾರಾದರೂ ಇಳಿಯುವುದಿಲ್ಲವೇ ಎಂದು ಕೇಳಿದರೆ ಮೂಗು ಮುಟ್ಟಿಕೊಂಡು ದುಃಖದಿಂದ ತಲೆಯಾಡಿಸುತ್ತೇನೆ. ಪಾಪ, ಎಲ್ಲರೂ ನಂಬಿದ್ದಾರೆ. ಎದುರು ಮನೆಯವರು ಒಮ್ಮೆ ನೀಲಗಿರಿ ಎಣ್ಣೆಯ ಸೀಸೆಯನ್ನೂ ತಂದುಕೊಟ್ಟರು.

ನಿಜವಾದ ಕಾರಣ ನನ್ನ ಜಾತಕ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ನಾನು ಎಂ.ಫಾರ್ಮ. ಓದಿದವನು, ಔಷಧಿ ಕಾರ್ಖಾನೆಯಲ್ಲಿ ಗುಣಮಟ್ಟ ವಿಭಾಗ ನೋಡಿಕೊಳ್ಳುವವನು, ಪುರಾವೆಯಿಲ್ಲದೆ ಒಂದು ಮಾತ್ರೆಯನ್ನೂ ಗೇಟು ದಾಟಲು ಬಿಡದವನು. ಆದರೆ ನನಗೆ ಹತ್ತು ವರ್ಷವಾಗಿದ್ದಾಗ, ಮಂಡ್ಯದಲ್ಲಿ, ನಮ್ಮ ಬೀದಿಯ ಹುಡುಗರೆಲ್ಲ ಸ್ಕೂಲು ಬಿಟ್ಟೊಡನೆ ನಾಲೆಗೆ ಹಾರುತ್ತಿದ್ದ ಕಾಲದಲ್ಲಿ, ಅಮ್ಮ ಒಂದು ಬೆಳಿಗ್ಗೆ ನನ್ನನ್ನು ದೇವರ ಮನೆಗೆ ಕರೆದಳು. ಟ್ರಂಕಿನಿಂದ ಮೂಲೆಗೆ ಅರಿಶಿನ ಹಚ್ಚಿದ ಕಾಗದವೊಂದನ್ನು ತೆಗೆದು ಕಣ್ಣಿಗೊತ್ತಿಕೊಂಡಳು. ನಿನಗೆ ನೀರಿನಿಂದ ಗಂಡಾಂತರವಿದೆ, ನಲವತ್ತೈದು ತುಂಬುವವರೆಗೂ ಮೊಣಕಾಲಿಗಿಂತ ಆಳಕ್ಕೆ ಇಳಿಯಕೂಡದು ಎಂದಳು. ಹತ್ತು ವರ್ಷದ ಹುಡುಗನಿಗೆ ನಲವತ್ತೈದು ಎಂದರೆ ಹೆಚ್ಚುಕಡಿಮೆ ಆಯುಷ್ಯದ ಕೊನೆ. ಅಂದಿನಿಂದ ನಾನು ನಾಲೆಯ ದಡದಲ್ಲಿ ಕೂತು ಉಳಿದವರ ಅಂಗಿ ಚಪ್ಪಲಿ ಕಾಯುವವನಾದೆ. ಎಂಟು ಜನರ ಅಂಗಿ, ಹದಿನಾರು ಚಪ್ಪಲಿ. ಎರಡು ಬೇಸಿಗೆಯಲ್ಲಿ ಒಂದೂ ಅದಲುಬದಲಾಗಲಿಲ್ಲ. ಗುಣಮಟ್ಟ ವಿಭಾಗಕ್ಕೆ ಬೇಕಾದ ತರಬೇತಿ ನನಗೆ ಅಲ್ಲೇ ಸಿಕ್ಕಿತೆಂದು ಕಾಣುತ್ತದೆ. ಈಗ ನನಗೆ ನಲವತ್ತನಾಲ್ಕು. ಜಾತಕ ನಂಬುತ್ತೀರಾ ಎಂದು ಕೇಳಿದರೆ ಖಂಡಿತ ಇಲ್ಲ. ಆದರೆ ಮೂವತ್ತನಾಲ್ಕು ವರ್ಷ ತಡೆದುಕೊಂಡವನಿಗೆ ಇನ್ನೊಂದು ವರ್ಷ ಏನು ಮಹಾ?

ನನ್ನ ಹೆಂಡತಿ ವಿದ್ಯಾ ಉಡುಪಿಯ ಕಡೆಯವಳು. ನಡೆಯುವುದಕ್ಕೆ ಮುಂಚೆಯೇ ಈಜು ಕಲಿತೆನೆಂದು ಹೇಳಿಕೊಳ್ಳುತ್ತಾಳೆ. ಅವಳು ನೀರಿಗೆ ಬಿದ್ದದ್ದನ್ನು ನೋಡಿದರೆ ಅದು ಸುಳ್ಳಿರಲಾರದು ಎನಿಸುತ್ತದೆ. ಅವಳಿಗೆ ನನ್ನ ಗಂಡಾಂತರದ ಮೇಲೆ ಮೊದಲಿನಿಂದಲೂ ಅನುಮಾನ. "ಮದುವೆಗೆ ಮುಂಚೆ ನಮ್ಮಪ್ಪ ಎರಡು ಕಡೆ ನಿಮ್ಮ ಜಾತಕ ತೋರಿಸಿದ್ರು. ಎರಡು ಕಡೆಯೂ ಹುಡುಗನಿಗೆ ಹಟ ಜಾಸ್ತಿ ಅಂದ್ರು. ನೀರಿನ ಸುದ್ದಿ ಯಾರೂ ಎತ್ತಲಿಲ್ಲ ಮಾರಾಯ್ರೆ" ಎಂದು ಅವಳು ಆಗಾಗ ನೆನಪಿಸುತ್ತಾಳೆ. ಉಡುಪಿ ಕಡೆಯ ಜೋಯಿಸರಿಗೆ ಸಮುದ್ರ ಅಭ್ಯಾಸವಾಗಿ ಹೋಗಿದೆ, ನೀರನ್ನು ಅವರು ಗಂಡಾಂತರದಲ್ಲಿ ಲೆಕ್ಕಕ್ಕೇ ಹಿಡಿಯುವುದಿಲ್ಲ ಎಂಬುದು ನನ್ನ ಸಮಾಧಾನ.

ಇಷ್ಟೇ ಆಗಿದ್ದರೆ ನನ್ನ ಹೆದರಿಕೆ ನನ್ನೊಡನೆಯೇ ಇರುತ್ತಿತ್ತು. ಆದರೆ ನಾನೊಂದು ತಪ್ಪು ಮಾಡಿದ್ದೆ. ನಮಗೆ ಇಬ್ಬರು ಮಕ್ಕಳು. ಹನ್ನೆರಡರ ನಿಶಾಂತ ಅಮ್ಮನ ಮಗ, ಈಜುತ್ತಾನೆ. ಏಳರ ಇಂಚರ ನನ್ನ ಮಗಳು. ಅವಳಿಗೆ ಐದು ವರ್ಷವಾಗಿದ್ದಾಗ ನಾವು ಒಂದು ಕೆರೆಗೆ ಪಿಕ್ನಿಕ್ಕಿಗೆ ಹೋಗಿದ್ದೆವು. ವಿದ್ಯಾ ಬುತ್ತಿ ಬಿಚ್ಚುತ್ತಿದ್ದಳು, ನಾನು ಮಗಳನ್ನು ನೋಡಿಕೊಳ್ಳಬೇಕಿತ್ತು. ಅವಳು ಮತ್ತೆ ಮತ್ತೆ ಓಡಿ ನೀರಿನ ಕಡೆಗೇ ಹೋಗುತ್ತಿದ್ದಳು. ನನಗೆ ಇಳಿದು ಹಿಡಿಯುವ ಧೈರ್ಯವಿಲ್ಲ, ಕೂಗಿದರೆ ಕೇಳುವ ಹುಡುಗಿ ಅವಳಲ್ಲ. ಆಗ ನನ್ನ ಬಾಯಿಂದ ತಾನಾಗಿ ಬಂತು: ಹೋಗಬೇಡ ಪುಟ್ಟಿ, ಒಳಗೆ ಕಿಬೋಕೋ ಇದೆ. ಕಿಬೋಕೋ ಎಂದರೆ ಸ್ವಾಹಿಲಿಯಲ್ಲಿ ನೀರಾನೆ. ಕನ್ನಡದಲ್ಲಿ ಹೇಳಿದ್ದರೆ ಆನೆಯೆಂದು ಖುಷಿಪಟ್ಟು ನೋಡಲು ಹೋಗುತ್ತಿದ್ದಳೋ ಏನೋ. ಕಿಬೋಕೋ ಎಂದೊಡನೆ ನಿಂತಳು. ಕಣ್ಣಿಗೆ ಕಾಣುತ್ತಿಲ್ಲವಲ್ಲ ಎಂದು ಕೇಳಿದಳು. ಅದು ತಳದಲ್ಲಿ ಮಲಗಿರುತ್ತದೆ, ಕಾಲು ಕಂಡರೆ ಎದ್ದು ಬರುತ್ತದೆ ಎಂದೆ. ಎಷ್ಟು ಸಲೀಸಾಗಿ ಕೆಲಸ ಆಯಿತೆಂದರೆ, ಮುಂದೆ ಕಾಲುವೆ, ಹೊಂಡ, ಜಲಪಾತ ಎಲ್ಲ ಕಡೆಯೂ ನಾನು ಅದೇ ಕಿಬೋಕೋವನ್ನು ಕಳಿಸಿದೆ. ಕಿಲಿಮಾನಿಯ ಈಜುಕೊಳಕ್ಕೆ ಮಾತ್ರ ಕಳಿಸಲಿಲ್ಲ, ಅಲ್ಲಿ ತಳ ಕಾಣುತ್ತದೆ.

ಈ ವರ್ಷ ಫೆಬ್ರವರಿಯ ನಡುವೆ ಮಕ್ಕಳಿಗೆ ನಾಲ್ಕು ದಿನ ರಜೆ ಬಂತು. ಊರಿನವರಿಗೆ ಬೇಸಿಗೆಯೆಂದರೆ ಏಪ್ರಿಲ್. ನೈರೋಬಿಯಲ್ಲಿ ಏಪ್ರಿಲಿನಲ್ಲಿ ಕೊಡೆ ಹಿಡಿಯಬೇಕು, ಸೆಕೆಯೇನಿದ್ದರೂ ಜನವರಿ ಫೆಬ್ರವರಿಯಲ್ಲಿ. ನಿಶಾಂತ ಸ್ನೇಹಿತನೊಬ್ಬನಿಂದ ಸುದ್ದಿ ತಂದ. ಊರಂಚಿನ ಕರೆನ್ ಬಡಾವಣೆ ದಾಟಿ ಅರ್ಧ ಗಂಟೆ ಹೋದರೆ ಒಂದು ಸಣ್ಣ ನದಿ, ಅಲ್ಲಿ ಒಬ್ಬರು ಟ್ಯೂಬಿನಲ್ಲಿ ಕೂರಿಸಿ ತೇಲಿಸುತ್ತಾರಂತೆ. ವಿದ್ಯಾ ಆ ಕ್ಷಣವೇ ಹೂಂ ಅಂದಳು. ಸಂಜೆ ಇಂಚರ ತನ್ನ ಈಜುಡುಗೆ ತೆಗೆದು ಕನ್ನಡಿಯ ಮುಂದೆ ನಿಂತಿದ್ದನ್ನು ನಾನು ನೋಡಿದೆ. ನಾನು ಅಡ್ಡ ಹಾಕಲಿಲ್ಲ. ಕಾರ್ಖಾನೆಯ ಅಭ್ಯಾಸದಂತೆ ಕೂತು ನಲವತ್ತೊಂದು ಅಂಶಗಳ ಚೆಕ್‌ಲಿಸ್ಟ್ ಮಾಡಿದೆ. ಲೈಫ್ ಜಾಕೆಟ್, ಹೆಲ್ಮೆಟ್, ಸೀಟಿ, ಫೋನಿಗೆ ನೀರು ತಾಗದ ಚೀಲ, ಪುಳಿಯೋಗರೆ, ಕೋಡುಬಳೆ, ಓಆರೆಸ್. ಯಾರು ಏನು ಮಾಡಬೇಕೆಂಬ ಕಾಲಮಿನಲ್ಲಿ ನನ್ನ ಹೆಸರಿನ ಮುಂದೆ 'ದಡದ ಉಸ್ತುವಾರಿ' ಎಂದು ಬರೆದುಕೊಂಡೆ. ವಿದ್ಯಾ ಅದನ್ನು ಓದಿ, ಹುದ್ದೆಗೆ ಭತ್ಯೆ ಉಂಟಾ ಎಂದು ಕೇಳಿದಳು.

ನದಿಯ ದಡದ ಆ ಜಾಗವನ್ನು ನೋಡಿಕೊಳ್ಳುತ್ತಿದ್ದವರು ಮ್ವಾಂಗಿ ಎಂಬ ಹಿರಿಯರು. ನಿವೃತ್ತ ಲಾರಿ ಡ್ರೈವರ್. ಓಡಿಸಿದ ಲಾರಿಗಳ ಟ್ಯೂಬುಗಳನ್ನೇ ಜೋಪಾನ ಮಾಡಿಟ್ಟುಕೊಂಡು ಈಗ ಮಕ್ಕಳನ್ನು ತೇಲಿಸುತ್ತಿದ್ದರು. ಒಂದೊಂದು ಟ್ಯೂಬೂ ನಮ್ಮ ಊಟದ ಮೇಜಿನಷ್ಟಿತ್ತು. ನಾನು ಪ್ರತಿಯೊಂದನ್ನೂ ಒತ್ತಿ, ಬಗ್ಗಿ ಮೂಸಿ, ತೇಪೆಗಳನ್ನು ಎಣಿಸಿದೆ. ಒಂದಕ್ಕೆ ಹನ್ನೊಂದು ತೇಪೆಯಿದೆ, ಇದನ್ನು ಪಾಸು ಮಾಡಲಾರೆ ಎಂದೆ. ಮ್ವಾಂಗಿ ಕೋಪಿಸಿಕೊಳ್ಳಲಿಲ್ಲ. ಹನ್ನೊಂದು ಸಲ ರಿಪೇರಿಯಾದದ್ದು ಅಂದರೆ ಹನ್ನೊಂದು ಸಲ ಯಾರೋ ಗಮನ ಕೊಟ್ಟು ನೋಡಿದ್ದಾರೆ ಅಂತ, ತೇಪೆಯಿಲ್ಲದ ಹೊಸದನ್ನು ಯಾರು ನೋಡಿದ್ದಾರೆ ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದರು. ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಗುಣಮಟ್ಟದ ಬಗ್ಗೆ ಯಾವ ತರಬೇತಿಯಲ್ಲೂ ನಾನು ಇಂಥ ಮಾತು ಕೇಳಿರಲಿಲ್ಲ. ಪಾಸು ಮಾಡಿದೆ.

ನದಿ ದೊಡ್ಡದೇನಲ್ಲ. ಸೆಕೆಗಾಲದಲ್ಲಿ ಸೋಮಾರಿಯಾಗಿ, ಕಲ್ಲುಗಳ ನಡುವೆ ಕಂದು ಬಣ್ಣದಲ್ಲಿ ಹೋಗುತ್ತಿತ್ತು. ಆಳವೆಂದರೆ ಸೊಂಟದವರೆಗೆ ಎಂದು ಮ್ವಾಂಗಿ ಹೇಳಿದರು. ಅವರ ಸೊಂಟವೋ ನನ್ನದೋ ಎಂದು ಕೇಳಿಕೊಂಡೆ. ಇಬ್ಬಿಬ್ಬರಂತೆ ಹೋಗುವುದು, ಎರಡು ತಿರುವು ದಾಟಿ ಒಂದು ಮರಳದಂಡೆಯಲ್ಲಿ ಇಳಿಯುವುದು, ಕಾಲುದಾರಿಯಲ್ಲಿ ನಡೆದು ಬರುವುದು. ವಿದ್ಯಾ ಮೊದಲು ಇಂಚರಳನ್ನು ಕರೆದಳು. ಇಂಚರ ಬೆಳಿಗ್ಗೆಯಿಂದ ಈಜುಡುಗೆ ಹಾಕಿಕೊಂಡೇ ಇದ್ದವಳು, ಕಾರಿನಲ್ಲಿ ಹೆಲ್ಮೆಟ್ ಕೂಡ ತೆಗೆದಿರಲಿಲ್ಲ. ನೀರಿನ ಹತ್ತಿರ ಬಂದು ಕಂದು ನೀರನ್ನು ನೋಡಿದಳು. ತಳ ಕಾಣಿಸಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು, ನೀವು ಹೋಗಿ, ನಾನು ಅಪ್ಪನ ಜೊತೆ ಇರುತ್ತೇನೆ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ನಮ್ಮ ಮಕ್ಕಳಿಬ್ಬರಿಗೂ ಕನ್ನಡ ಪೂರ್ತಿ ಅರ್ಥವಾಗುತ್ತದೆ. ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ವಿದ್ಯಾ ಎಷ್ಟು ಪುಸಲಾಯಿಸಿದರೂ ಅವಳು ಬಗ್ಗಲಿಲ್ಲ. ಕೊನೆಗೆ ವಿದ್ಯಾ ನನ್ನ ಕಡೆ ತಿರುಗಿ, "ಕಿಬೋಕೋ ಸಾಕಿದ್ದು ನೀವು. ನೀವೇ ಓಡಿಸಿ" ಎಂದಷ್ಟೇ ಹೇಳಿ ಮಗನ ಜೊತೆ ಟ್ಯೂಬು ಹತ್ತಿದಳು. ಮ್ವಾಂಗಿ ಹಗ್ಗ ಹಿಡಿದು ಅವರ ಜೊತೆ ಹೋದರು.

ನಾವಿಬ್ಬರು ದಡದ ಕಲ್ಲಿನ ಮೇಲೆ ಕೂತೆವು. ನಿಜ ಹೇಳುತ್ತೇನೆ, ಮೊದಲ ಐದು ನಿಮಿಷ ನನಗೆ ಆದದ್ದು ನಿರಾಳ. ನನ್ನ ಹುದ್ದೆಗೆ ಒಬ್ಬ ಸಹಾಯಕಿ ಸಿಕ್ಕಿದ್ದಳು. ಕೋಡುಬಳೆ ಡಬ್ಬಿ ತೆಗೆದು ಅವಳ ಮುಂದೆ ಹಿಡಿದೆ. ಅವಳು ತೆಗೆದುಕೊಳ್ಳಲಿಲ್ಲ. ತಿರುವಿನ ಆಚೆಯಿಂದ ನಿಶಾಂತ ಕಿರುಚುವುದು, ವಿದ್ಯಾ ಗಟ್ಟಿಯಾಗಿ ನಗುವುದು ಕೇಳಿಸಿತು. ಇಂಚರ ಆ ಕಡೆಗೇ ಕತ್ತು ಚಾಚಿ ನೋಡುತ್ತಿದ್ದಳು. ಆಮೇಲೆ ನೋಡುವುದನ್ನು ಬಿಟ್ಟು, ಅಣ್ಣ ಬಿಚ್ಚಿ ಎಸೆದುಹೋಗಿದ್ದ ಟೀಶರ್ಟನ್ನು ಎತ್ತಿಕೊಂಡಳು. ಅದನ್ನು ನೀಟಾಗಿ ಮಡಚಿ ತೊಡೆಯ ಮೇಲಿಟ್ಟುಕೊಂಡಳು. ಅಮ್ಮನ ಚಪ್ಪಲಿ, ಅಣ್ಣನ ಚಪ್ಪಲಿ ಎರಡನ್ನೂ ಹತ್ತಿರಕ್ಕೆ ಎಳೆದು ಜೋಡಿಸಿಟ್ಟಳು.

ಆ ಕೆಲಸ ನನಗೆ ಗೊತ್ತು. ಅದನ್ನು ಎಷ್ಟು ಅಚ್ಚುಕಟ್ಟಾಗಿ ಮಾಡುತ್ತೇವೆಂದು ಗೊತ್ತು, ಮಾಡುವಾಗ ಕಣ್ಣು ನೀರಿನ ಕಡೆ ಹೋಗದಂತೆ ಹೇಗೆ ನೋಡಿಕೊಳ್ಳುತ್ತೇವೆಂದೂ ಗೊತ್ತು. ನಾಲೆಯ ದಡದಲ್ಲಿ ಎರಡು ಬೇಸಿಗೆ ನನಗೆ ಎಷ್ಟು ದುಃಖವಾಗಿತ್ತೆಂಬುದನ್ನು ನಾನು ಯಾರಿಗೂ ಹೇಳಿರಲಿಲ್ಲ, ನನಗೇ ಮರೆತುಹೋಗಿತ್ತು. ಈಗ ನನ್ನ ಮಗಳು ಟೀಶರ್ಟು ಹಿಡಿದು ಕೂತದ್ದನ್ನು ನೋಡಿ ಎಲ್ಲ ನೆನಪಾಯಿತು. ಕಿಬೋಕೋ ಸುಳ್ಳು ಎಂದು ಹೇಳಿಬಿಡಬೇಕೆನಿಸಿತು. ಆದರೆ ಹೇಳಿದ ಮೇಲೆ ಅವಳ ಮುಂದಿನ ಮಾತು, ಹಾಗಾದರೆ ನೀನು ಮೊದಲು ಇಳಿ ಎಂದೇ ಇರುತ್ತದೆ. ನನ್ನ ನಲವತ್ತೈದಕ್ಕೆ ಇನ್ನೂ ಏಳು ತಿಂಗಳಿತ್ತು.

ಅಷ್ಟರಲ್ಲಿ ಕೊರಳಿಗೆ ನೇತುಹಾಕಿಕೊಂಡಿದ್ದ ಚೀಲದೊಳಗೆ ಫೋನು ಬಡಿದುಕೊಂಡಿತು. ಅಮ್ಮ. ಮೈಸೂರಿನಲ್ಲಿ ನನ್ನ ಅಕ್ಕನ ಮನೆಯಲ್ಲಿರುವ ಅಮ್ಮ ಶನಿವಾರ ಮಧ್ಯಾಹ್ನ ಮಲಗಿ ಎದ್ದು, ಕಾಫಿ ಕುಡಿದು, ವಿಡಿಯೋ ಕಾಲ್ ಮಾಡುತ್ತಾಳೆ. ಈ ನದಿಯ ಸುದ್ದಿಯನ್ನು ನಾನು ಅವಳಿಂದ ಮುಚ್ಚಿಟ್ಟಿದ್ದೆ. ತೋಟದಲ್ಲಿದ್ದೇವೆ ಎಂದು ಹೇಳಿ ಹಿಂದಿರುವ ಮರವನ್ನು ತೋರಿಸಬೇಕೆಂದು ಫೋನು ತಿರುಗಿಸುವಷ್ಟರಲ್ಲಿ ಇಂಚರ ಮುಖ ತೂರಿಸಿ ಇಂಗ್ಲಿಷು ಬೆರೆಸಿದ ಕನ್ನಡದಲ್ಲಿ ಎಲ್ಲವನ್ನೂ ಹೇಳಿಬಿಟ್ಟಳು. ನದಿ, ಟ್ಯೂಬು, ಅಮ್ಮ ಅಣ್ಣ ತೇಲಿಹೋದದ್ದು, ಅಪ್ಪ ಇಳಿಯದೇ ಇರುವುದು. ನಾನು ಬೈಗುಳಕ್ಕೆ ಸಿದ್ಧನಾದೆ. ಅಮ್ಮ ಕನ್ನಡಕ ಸರಿಮಾಡಿಕೊಂಡು ನದಿಯನ್ನು ಸ್ವಲ್ಪ ಹೊತ್ತು ನೋಡಿದಳು. ಇಷ್ಟು ಸಣ್ಣ ನದಿಗೆ ಯಾಕೆ ಇಳೀತಿಲ್ಲ, ಮಗು ಎಷ್ಟು ಆಸೆಯಿಂದ ಬಂದಿದೆ ಎಂದು ನನ್ನನ್ನೇ ಕೇಳಿದಳು.

ನಾನು ದನಿ ತಗ್ಗಿಸಿ, ಜಾತಕದ ವಿಷಯ ನೆನಪು ಮಾಡಿದೆ.

"ಯಾವ ಜಾತಕ?" ಎಂದಳು ಅಮ್ಮ.

ನೀರಿನ ಗಂಡಾಂತರ, ದೇವರ ಮನೆ, ಅರಿಶಿನ ಹಚ್ಚಿದ ಕಾಗದ ಎಂದು ಒಂದೊಂದಾಗಿ ಹೇಳುತ್ತಾ ಹೋದೆ. ಅಮ್ಮನ ಮುಖದಲ್ಲಿ ಮೊದಲು ಏನೂ ಕಾಣಿಸಲಿಲ್ಲ. ಆಮೇಲೆ ಬಾಯಿಗೆ ಸೆರಗು ಒತ್ತಿಕೊಂಡಳು. ಕೆಮ್ಮು ಬಂತೆಂದುಕೊಂಡೆ, ನಗುತ್ತಿದ್ದಳು.

"ಅಯ್ಯೋ ಸೀನ, ಅದಿನ್ನೂ ಇಟ್ಕೊಂಡಿದೀಯೇನೋ? ಅದು ನಿಮ್ಮಪ್ಪನ ರೇಷನ್ ಕಾರ್ಡಿನ ಅರ್ಜಿ ಕಣೋ. ನಿಮ್ಮಪ್ಪ ಪಾಳಿ ಕೆಲಸಕ್ಕೆ ಹೋದ್ರೆ ಮನೇಲಿ ನಾನೊಬ್ಬಳೇ. ಆಚೆ ಬೀದಿ ಹುಡುಗ ನಾಲೇಲಿ ಕೊಚ್ಚಿಹೋಗಿ ಸೇತುವೆ ಹತ್ರ ಸಿಕ್ಕಿದ್ದ, ಪುಣ್ಯಕ್ಕೆ ಬದುಕಿದ. ಅವತ್ತು ರಾತ್ರಿಯೆಲ್ಲ ನಾನು ಮಲಗಲಿಲ್ಲ. ನೀನು ನನ್ನ ಮಾತು ಕೇಳ್ತಿರಲಿಲ್ಲ. ನನಗೆ ಹೆದರಿಕೆ ಆಗಿತ್ತು, ನಿನ್ನ ಹೆದರಿಸಿದೆ."

ಹಾಗಾದರೆ ನಲವತ್ತೈದು ಎಂದು ಯಾಕೆ ಹೇಳಿದೆ ಎಂದು ಕೇಳಿದೆ. ಹದಿನೈದು ಎಂದಿದ್ದರೂ ಸಾಕಾಗಿತ್ತಲ್ಲ.

"ಅಷ್ಟು ಹೊತ್ತಿಗೆ ಹೇಗೂ ಬುದ್ಧಿ ಬಂದಿರತ್ತೆ ಅಂದ್ಕೊಂಡೆ" ಎಂದಳು ಅಮ್ಮ.

ಮೂವತ್ತನಾಲ್ಕು ವರ್ಷ ಒಂದು ರೇಷನ್ ಕಾರ್ಡಿನ ಅರ್ಜಿಗೆ ಹೆದರಿಕೊಂಡಿದ್ದವನ ಮನಸ್ಸು ಹೇಗಿರುತ್ತದೆಂದು ಹೇಳುವುದು ಕಷ್ಟ. ಸಿಟ್ಟು ಬರಬೇಕಿತ್ತು. ಹಾಸಿಗೆಯ ಮೇಲೆ ಎದ್ದು ಕೂತ ಅಂದಿನ ಅಮ್ಮ ಕಣ್ಣ ಮುಂದೆ ಬಂದಳು. ಈಗಿನ ನನಗಿಂತ ಹನ್ನೆರಡು ವರ್ಷ ಚಿಕ್ಕವಳಾಗಿದ್ದಳು ಆಗ. ಸಿಟ್ಟು ಬರಲಿಲ್ಲ. ಪಕ್ಕದಲ್ಲಿ ಇಂಚರ ಒಂದು ಮಾತೂ ಬಿಡದೆ ಕೇಳಿಸಿಕೊಂಡಿದ್ದಳು. ಅಜ್ಜಿ ನಿನಗೆ ಸುಳ್ಳು ಹೇಳಿದ್ದರಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಹೂಂ ಅಂದೆ. ಅವಳು ನದಿಯನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ನದಿಯನ್ನು ನೋಡಿದಳು. ನಮ್ಮ ಕಾರ್ಖಾನೆಗೆ ಬರುವ ಇನ್‌ಸ್ಪೆಕ್ಟರುಗಳು ಕಡತ ಮುಚ್ಚಿಟ್ಟು ನಮ್ಮನ್ನು ನೋಡುವುದು ಹೀಗೆಯೇ.

"ಅಪ್ಪಾ, ಈಸ್ ದೇರ್ ಎ ಕಿಬೋಕೋ ಆರ್ ನಾಟ್?"

ಇಲ್ಲ ಎಂದೆ. ಎಂದೂ ಇರಲಿಲ್ಲವೇ ಎಂದು ಕೇಳಿದಳು. ಈ ದೇಶದಲ್ಲಿ ಬೇರೆ ಕಡೆ ಇವೆ, ನಾನು ಹೇಳಿದ ಒಂದು ಕಡೆಯೂ ಇರಲಿಲ್ಲ ಎಂದೆ. ಯಾಕೆ ಹೇಳಿದೆ ಎಂದು ಕೇಳಿದಳು. ನನಗೆ ಹೆದರಿಕೆಯಾಗಿತ್ತು ಎಂದೆ. ಇಂಚರ ಟೀಶರ್ಟನ್ನು ಕಲ್ಲಿನ ಮೇಲಿಟ್ಟು ಎದ್ದಳು. ನಾನು ಎಣಿಸಿದ್ದಂತೆಯೇ, ಹಾಗಾದರೆ ನೀನು ಮೊದಲು ಇಳಿ ಎಂದಳು.

ಅಷ್ಟು ಹೊತ್ತಿಗೆ ಮ್ವಾಂಗಿ ತಾಯಿ ಮಗನನ್ನು ಮರಳದಂಡೆಯಲ್ಲಿ ಬಿಟ್ಟು ಕಾಲುದಾರಿಯಲ್ಲಿ ಹಿಂದಿರುಗಿ ಬಂದಿದ್ದರು. ಏನು ಅರ್ಥವಾಯಿತೋ, ಟ್ಯೂಬನ್ನು ಹಿಡಿದು ನಿಂತರು. ಹನ್ನೊಂದು ತೇಪೆಯದು. ನಾನು ಲೈಫ್ ಜಾಕೆಟಿನ ಬಕಲುಗಳನ್ನು ಮೂರು ಸಲ ನೋಡಿಕೊಂಡು ನೀರಿಗೆ ಕಾಲಿಟ್ಟೆ. ಮೊಣಕಾಲು ದಾಟಿತು. ಅಲ್ಲಿಗೆ ನನ್ನ ಇಡೀ ಜೀವನದ ಅನುಭವ ಮುಗಿಯಿತು. ತೊಡೆಗೆ ಬಂತು. ಮ್ವಾಂಗಿ "ಪೋಲೆ ಪೋಲೆ" ಎನ್ನುತ್ತಿದ್ದರು, ನಿಧಾನ ನಿಧಾನ ಎಂದು. ಅದಕ್ಕಿಂತ ನಿಧಾನ ಸಾಧ್ಯವಿರಲಿಲ್ಲ. ಸೊಂಟಕ್ಕೆ ಬಂದಾಗ ಬಾಯಿಂದ ಒಂದು ಸದ್ದು ಹೊರಟಿತು; ಅದನ್ನು ಇಲ್ಲಿ ಬರೆಯಲಾರೆ. ದಡದ ಕಲ್ಲಿಗೆ ಒರಗಿಸಿಟ್ಟಿದ್ದ ಫೋನಿನಲ್ಲಿ ಅಮ್ಮ, ಇಳಿದನಾ ಇಳಿದನಾ ಎಂದು ಇಂಚರಳನ್ನು ಕೇಳುತ್ತಿದ್ದಳು. ಟ್ಯೂಬಿಗೆ ಹತ್ತುವುದನ್ನು ನಾನು ಮೂರು ಪ್ರಯತ್ನದಲ್ಲಿ ಸಾಧಿಸಿದೆ. ಮೊದಲ ಸಲ ಟ್ಯೂಬು ಹೋಯಿತು, ಎರಡನೆಯ ಸಲ ನಾನು ಹೋದೆ, ಮೂರನೆಯ ಸಲ ಮ್ವಾಂಗಿ ಲಾರಿಗೆ ಮೂಟೆ ಹಾಕುವಂತೆ ಎತ್ತಿ ಹಾಕಿದರು. ಇಂಚರ ಫೋನನ್ನು ಚೀಲಕ್ಕೆ ತುರುಕಿ, ಒಂದೇ ನೆಗೆತಕ್ಕೆ ಬಂದು ನನ್ನ ಹೊಟ್ಟೆಯ ಮೇಲೆ ಕೂತಳು.

ತೇಲಿದೆವು. ಅಷ್ಟೇ ನಡೆದದ್ದು. ಮೇಲೆ ಮರದ ಕೊಂಬೆಗಳು ಹಿಂದಕ್ಕೆ ಹೋದವು, ಬಿಸಿಲು ಮುಖದ ಮೇಲೆ ಬಂತು, ಹೋಯಿತು. ಒಂದು ಕಡೆ ನೀರು ಕಡಿಮೆಯಾಗಿ ಟ್ಯೂಬು ಕಲ್ಲಿಗೆ ಸಿಕ್ಕಿಕೊಂಡಿತು, ನನ್ನ ಸೊಂಟದ ಕೆಳಗಿನ ಭಾಗಕ್ಕೆ ನದಿಯ ತಳ ಚೆನ್ನಾಗಿ ಪರಿಚಯವಾಯಿತು. ಇಂಚರ ನಕ್ಕು ನಕ್ಕು ಬಿಕ್ಕಳಿಕೆ ತರಿಸಿಕೊಂಡಳು. ನಾನು ಕಿರುಚುತ್ತಿದ್ದದ್ದು ಹೆದರಿಕೆಯಿಂದಲೋ ಖುಷಿಯಿಂದಲೋ ನನಗೆ ಗೊತ್ತಾಗಲಿಲ್ಲ. ಮರಳದಂಡೆಯಲ್ಲಿ ವಿದ್ಯಾ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ನಾನು ತೇಲಿ ಬರುವುದನ್ನು ನೋಡಿ ಅವಳು ನಗಲಿಲ್ಲ, ತಮಾಷೆಯನ್ನೂ ಮಾಡಲಿಲ್ಲ. ನೀರಿಗಿಳಿದು ಬಂದು ನನ್ನ ಕೈ ಹಿಡಿದು ಎಬ್ಬಿಸಿದಳು. ಆಮೇಲೆ ನಾವು ಅದೇ ನದಿಯಲ್ಲಿ ಇನ್ನೂ ನಾಲ್ಕು ಸಲ ತೇಲಿದೆವು. ಪುಳಿಯೋಗರೆ ಹಾಗೇ ಉಳಿಯಿತು.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಒಮ್ಮೆ ಧೈರ್ಯ ಬಂದವನ ಕೈಕಾಲು ಸುಮ್ಮನಿರುವುದಿಲ್ಲ. ಮರುವಾರ ಭಾನುವಾರ ನಾನು ಪತ್ರಿಕೆ ಬಿಟ್ಟು, ಚಡ್ಡಿ ಹಾಕಿಕೊಂಡು ನಮ್ಮ ಈಜುಕೊಳಕ್ಕೆ ಇಳಿದೆ. ಎದುರು ಮನೆಯವರು ಸೈನಸ್ ವಾಸಿಯಾಯಿತೇ ಎಂದು ವಿಚಾರಿಸಿದರು. ನೀವು ಕೊಟ್ಟ ನೀಲಗಿರಿ ಎಣ್ಣೆಯ ಗುಣ ಎಂದೆ. ಗೋಡೆ ಹಿಡಿದುಕೊಂಡು ಒಂದೊಂದೇ ಹೆಜ್ಜೆ ಇಡುತ್ತಾ ಎದೆಮಟ್ಟದವರೆಗೆ ಬಂದೆ. ಇನ್ನೊಂದು ನಾಲ್ಕು ಹೆಜ್ಜೆ ಹೋದರೆ ಕೊಳದ ಆಳದ ತುದಿ. ವಿದ್ಯಾ ಆ ಕಡೆ ಈಜುತ್ತಿದ್ದಳು, ನಾನೂ ಹೋಗಿಯೇಬಿಡುತ್ತೇನೆ ಎಂದು ಗೋಡೆಯಿಂದ ಒಂದು ಕೈ ಬಿಟ್ಟೆ. ಅಂಚಿನಲ್ಲಿ ಇಂಚರ ನನ್ನ ಟವಲನ್ನು ಎದೆಗವಚಿಕೊಂಡು, ನನ್ನ ಚಪ್ಪಲಿಗಳನ್ನು ಕಾಲ ಬಳಿ ಜೋಡಿಸಿಟ್ಟುಕೊಂಡು ನಿಂತಿದ್ದಳು. ಅವಳ ಮುಖ ಸಣ್ಣದಾಗಿತ್ತು.

"ಅಪ್ಪಾ, ಆ ಕಡೆ ಹೋಗ್ಬೇಡ. ಅಲ್ಲಿ ಕಿಬೋಕೋ ಇದೆ" ಎಂದಳು.

ಪೂರ್ತಿ ಕನ್ನಡದಲ್ಲಿ ಅವಳು ನನಗೆ ಹೇಳಿದ ಮೊದಲ ಮಾತು ಇದು ಎಂದು ಕಾಣುತ್ತದೆ. ನಾನು ಕೊಳದ ತಳವನ್ನು ನೋಡಿದೆ. ನೀಲಿ ಹೆಂಚುಗಳು ಒಂದೊಂದಾಗಿ ಕಾಣುತ್ತಿದ್ದವು, ವಿದ್ಯಾಳ ಕಳೆದುಹೋದ ಕೂದಲ ಕ್ಲಿಪ್ಪು ಕೂಡ ಒಂದು ಮೂಲೆಯಲ್ಲಿ ಬಿದ್ದಿತ್ತು. ಎಷ್ಟು ದಿನ ಇರುತ್ತದೆ ಆ ಕಿಬೋಕೋ ಎಂದು ಕೇಳಿದೆ. ಅವಳು ನನ್ನನ್ನು ತಲೆಯಿಂದ ಎದೆಯವರೆಗೆ, ಅಂದರೆ ನೀರಿನ ಮೇಲಿದ್ದಷ್ಟನ್ನು, ಅಳೆದು ನೋಡಿದಳು.

"ನಿಂಗೆ ನಲವತ್ತಾರು ಆಗೋವರೆಗೂ."

ಅಮ್ಮ ಕೊಟ್ಟದ್ದಕ್ಕಿಂತ ಒಂದು ವರ್ಷ ಜಾಸ್ತಿ. ಗೋಡೆಯನ್ನು ಮತ್ತೆ ಎರಡು ಕೈಯಲ್ಲಿ ಹಿಡಿದುಕೊಂಡು ಹಿಂದಕ್ಕೆ ಹೆಜ್ಜೆ ಹಾಕುತ್ತಾ ಬಂದು, ಮೊಣಕಾಲುದ್ದದ ನೀರಿನಲ್ಲಿ ಅವಳಿಗೆ ಕಾಣುವ ಹಾಗೆ ನಿಂತುಕೊಂಡೆ.